ಹಿಡಿದ ಜಾಗ

ಗಂಟನ್ನು ಅಲ್ಲಿ ಹೋಗಿ ಬಿಚ್ಚು, ದಾರಿಯಲ್ಲಿ ಬಿಚ್ಚಬೇಡ ಅಂದಿದ್ದಳು ಬಷೀರಾ. ಅನ್ನುವಾಗ ನಕ್ಕಿದ್ದಳು. ಆ ನಗು ಕುರ್ಲಾ ಸ್ಟೇಷನ್ನಿನ ಸೇತುವೆ ಹತ್ತುವಾಗಲೂ ಸುಂದ್ರವ್ವನನ್ನು ಬಿಡಲಿಲ್ಲ, ಲೇಡೀಸ್ ಡಬ್ಬಿಯಲ್ಲಿ ಯಾರದೋ ಮೊಣಕೈ ಕೆಳಗೆ ತಲೆ ತೂರಿಸಿಕೊಂಡು ನಿಂತ ಮೇಲೂ ಬಿಡಲಿಲ್ಲ. ನಗುವಂಥದ್ದು ಏನಿತ್ತು ಇದರಲ್ಲಿ? ಹತ್ತು ವರ್ಷವಾಯಿತು, ತಾನು ಹೊಲಿದ ಬಿಳಿ ಕಾಟನ್ ಚೀಲಗಳಿಗೆ ಬಷೀರಾ ನೀಲಿ ಹಾಕುತ್ತಾಳೆ, ಆ ನೀಲಿಯ ಮೇಲೆ ತಾನು ಬಿಳಿ ಹೂವು ಒತ್ತುತ್ತೇನೆ. ಒಂದೇ ಚಾಳಿನ ಸಾಲುಕೋಣೆಗಳು, ನಡುವೆ ಮೂರು ಬಾಗಿಲು. ಇವತ್ತಿನವರೆಗೆ ಅವಳು ಗಂಟು ಕಟ್ಟಿ ಕೊಟ್ಟದ್ದಿಲ್ಲ. ಒಣಗಿದ ಚೀಲಗಳನ್ನು ಹೆಗಲ ಮೇಲೆ ಹೇರಿಕೊಂಡು ಬಂದು ಹೊಸ್ತಿಲ ಒಳಗೆ ಒಗೆದು, "ತಗೋ ಅಕ್ಕಾ, ನಿನ್ನ ಮುಗಿಲು" ಅಂದು ಹೋಗುವವಳು. ಇವತ್ತು ಮಾತ್ರ ತನ್ನ ಹಳೆಯ ದುಪಟ್ಟಾದಲ್ಲಿ ಹತ್ತು ಚೀಲ ಇಟ್ಟು, ಗಂಟಿನ ಮೇಲೆ ಗಂಟು ಬಿಗಿದು, ಕೂಸನ್ನು ಕೊಟ್ಟಂತೆ ಎರಡೂ ಕೈಯಿಂದ ಕೊಟ್ಟಳು. ತನ್ನ ಅಳುಕು ಅವಳಿಗೆ ಗೊತ್ತಾಗಿದೆ ಅನ್ನಿಸಿತು ಸುಂದ್ರವ್ವನಿಗೆ. ಗೊತ್ತಾಗಿಯೇ ನಕ್ಕಳು. ಮರುಕ್ಷಣವೇ, ಗೊತ್ತಾಗುವುದಕ್ಕೆ ಏನಿದೆ, ನಾನೇನು ಅವಳ ಮನೆಗೆ ಕನ್ನ ಹಾಕಿದೆನೇ ಅಂದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅಂತ ಅಂದಿರಲೂ ಇಲ್ಲ. ಗಂಟನ್ನು ಎದೆಗೆ ಒತ್ತಿ ಹಿಡಿದು ಅವಳು ಕಿಟಕಿಯ ಕಡೆ ತಿರುಗಿದಳು.

ಇವತ್ತು ಹೇಳಿಬಿಡುವುದೇ ಸೈ. ಬೆಳಿಗ್ಗೆ ರೊಟ್ಟಿ ತಟ್ಟುವಾಗ ಆ ಮಾತನ್ನೂ ಹಿಟ್ಟಿನ ಜೊತೆಗೇ ನಾದಿ ಇಟ್ಟಿದ್ದಳು. ಫೋರ್ಟ್ ಕಡೆಯ ಚಿತ್ರಕಲೆಯ ಗ್ಯಾಲರಿಯಲ್ಲಿ ಅವಳ ಚೀಲಗಳನ್ನು ಗೋಡೆಗೆ ತೂಗುಹಾಕಿ ತಿಂಗಳಾಗುತ್ತ ಬಂತು, ಇವತ್ತು ಮೂವತ್ತು ನಲವತ್ತು ಜನ ಕೂರುತ್ತಾರಂತೆ, ಅವರೆದುರು ತಾನು ಒಂದು ಚೀಲದ ಮೇಲೆ ಹೂವು ಒತ್ತಿ ತೋರಿಸಬೇಕಂತೆ. ಒತ್ತುವ ಮೊದಲು ಹೇಳಬೇಕು. ಹಿಂದಿಯಲ್ಲಿ ಹೇಳಬೇಕು, ಅಲ್ಲಿ ಯಾರಿಗೆ ಕನ್ನಡ ಬರುತ್ತದೆ. ಸಾಯನ್ ಸ್ಟೇಷನ್ ಬರುವ ಹೊತ್ತಿಗೆ ಮಾತು ನಾಲಿಗೆಯ ಮೇಲೆ ಪೂರ್ತಿಯಾಗಿ ಕೂತಿತ್ತು. ಬಣ್ಣ ಹಾಕುವವಳು ಬಷೀರಾ. ಅವಳ ಬೆರಳಿನ ಗುರುತು ಚೀಲದಲ್ಲಿ ಎಲ್ಲಿ ಉಳಿಯುತ್ತದೋ ಅಲ್ಲೇ ನಾನು ಹೂವು ಇಡುತ್ತೇನೆ. ಜಾಗ ಅವಳದು, ನನ್ನದಲ್ಲ. ಮೂರೇ ಮೂರು ಮಾತು. ಇಷ್ಟು ಹೇಳುವುದಕ್ಕೆ ಮೂರು ತಿಂಗಳು ಬೇಕಾಯಿತೇ ನನಗೆ ಅಂತ ಅವಳಿಗೆ ತನ್ನ ಮೇಲೇ ಹೇಸಿಕೆ ಬಂತು.

ಬಷೀರಾಳ ಬಲಗೈ ತೋರುಬೆರಳು ಮಡಚುವುದಿಲ್ಲ. ಇಬ್ಬರೂ ಒಂದು ಕಾರ್ಖಾನೆಯಲ್ಲಿ ಅಂಗಿ ಇಸ್ತ್ರಿ ಮಾಡುತ್ತಿದ್ದಾಗ ಬಿಸಿ ಪ್ರೆಸ್ಸಿನ ಕೆಳಗೆ ಸಿಕ್ಕಿತ್ತು, ಆಮೇಲೆ ಕಡ್ಡಿಯಂತೆ ನೆಟ್ಟಗೆ ನಿಂತುಬಿಟ್ಟಿತು. ಎಲ್ಲಾರಿಗೂ ದಾರಿ ತೋರಸ್ತದ ನೋಡು ಅಕ್ಕಾ ಇದು, ಅಂತ ಅವಳೇ ಚೇಷ್ಟೆ ಮಾಡುತ್ತಾಳೆ. ನೀಲಿಯ ಪೀಪಾಯಿಯಲ್ಲಿ ಚೀಲ ಅದ್ದುವಾಗ ಬೇರೆಯವರಾದರೆ ಹಿಡಿತ ಬದಲಿಸುತ್ತ ಅದ್ದುತ್ತಾರೆ, ಒಂದೇ ಕಡೆ ಬಿಗಿಯಾಗಿ ಹಿಡಿದರೆ ಅಲ್ಲಿ ಬಣ್ಣ ಇಳಿಯುವುದಿಲ್ಲ. ಬಷೀರಾಗೆ ಅದಾಗದು. ಹೆಬ್ಬೆರಳು ನಡುಬೆರಳಿನ ಮಧ್ಯೆ, ತುಂಟ ಹುಡುಗರ ಕಿವಿ ಹಿಂಡುವ ಹಾಗೆ ಒಮ್ಮೆ ಹಿಡಿದಳೆಂದರೆ ಮುಗಿಯಿತು. ಸಡಿಲಿಸಿದರೆ ಚೀಲ ಜಾರಿ ತಳ ಸೇರಿ ಗಸಿ ಮೆತ್ತಿಕೊಳ್ಳುತ್ತದೆ. ಮೇಲೆತ್ತಿದಾಗ ಬಟ್ಟೆ ಹಸಿರಾಗಿರುತ್ತದೆ, ಗಾಳಿ ತಾಕುತ್ತ ತಾಕುತ್ತ ಕಣ್ಣೆದುರೇ ನೀಲಿಯಾಗುತ್ತದೆ, ಹಿಡಿದ ಜಾಗ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಎರಡನೆಯ ಸಲ, ಮೂರನೆಯ ಸಲ ಅದ್ದುವಾಗ ಅವಳ ಬೆರಳು ಆ ಬಿಳಿಯನ್ನೇ ಹುಡುಕಿ ಹಿಡಿಯುತ್ತದೆ, ಮತ್ತೊಂದು ಡಾಗು ಯಾಕೆ ಅಂತ. ಮುಂದೆ ಹೆಬ್ಬೆರಳಿನದು, ಹುಣಸೆಬೀಜಕ್ಕಿಂತ ತುಸು ದೊಡ್ಡದು. ಹಿಂದೆ ನಡುಬೆರಳಿನದು, ಸಣ್ಣದು. ಮೊದಲ ಸಲ ಹೊಲಿದ ಚೀಲಗಳೆಲ್ಲ ಈ ಬಿಳಿ ಕಲೆಯ ದೆಸೆಯಿಂದ ಅಂಗಡಿಯಿಂದ ವಾಪಸು ಬಂದಾಗ ಬಷೀರಾ ಮೋರಿಯ ಕಟ್ಟೆಯ ಮೇಲೆ ಕೂತು ಅತ್ತಿದ್ದಳು. ಸುಂದ್ರವ್ವ ಗುಜರಿಯಿಂದ ತಂದಿಟ್ಟಿದ್ದ ಒಂದು ಸಾಗವಾನಿ ಅಚ್ಚು ಹುಡುಕಿ ತೆಗೆದಳು. ಐದು ಎಸಳಿನ ಹೂವು, ಒಂದು ಎಸಳಿನ ತುದಿ ಮುರಿದದ್ದು. ಬಿಳಿ ಬಣ್ಣದಲ್ಲಿ ಅದ್ದಿ ಬಿಳಿ ಗುರುತಿನ ಮೇಲೆ ಒತ್ತಿದಳು, ಗುರುತು ಹೂವಿನ ಹೊಟ್ಟೆಯೊಳಗೆ ಹೋಯಿತು. ಹಿಂದಿನ ಸಣ್ಣದಕ್ಕೆ ಒಂದು ಮೊಗ್ಗು. ಅಕ್ಕ ನನ್ನ ಮಾನ ಮುಚ್ಚಿದಳು ಅಂತ ಬಷೀರಾ ಚಾಳಿನಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಅವತ್ತಿನಿಂದ ಹಾಗೇ ನಡೆದಿತ್ತು. ಅವಳು ಹಿಡಿದಲ್ಲಿ ಇವಳ ಹೂವು.

ದಾದರಿನಲ್ಲಿ ಜನ ನುಗ್ಗಿ ಬಂದು ಗಂಟು ಎದೆಗೆ ಇನ್ನಷ್ಟು ಒತ್ತಿತು. ಪಕ್ಕದಲ್ಲಿ ಹೂ ಮುಡಿದ ಮರಾಠಿ ಹೆಂಗಸೊಬ್ಬಳು ಕೇಳಿದಳು, ಒಳಗೇನು ಮೌಶಿ ಅಂತ. ಪಿಶವ್ಯಾ, ಚೀಲಗಳು, ಅಂದಳು ಸುಂದ್ರವ್ವ. ಚೀಲದೊಳಗೆ ಚೀಲವೇ ಅಂತ ಆಕೆ ನಕ್ಕಳು. ಎಲ್ಲರೂ ನಗುವವರೇ ಇವತ್ತು. ಅವಳು ಮಾತನ್ನು ಮತ್ತೆ ಒಮ್ಮೆ ಉರು ಹೊಡೆದಳು. ಬಣ್ಣ ಬಷೀರಾ ಹಾಕುತ್ತಾಳೆ, ನಾನು ಹೂವು ಒತ್ತುತ್ತೇನೆ. ಬೆರಳಿನ ಮಾತು ಎಲ್ಲೋ ಬಿಟ್ಟುಹೋಗಿತ್ತು. ಬೆರಳಿನ ವಿಷಯ ಯಾಕೆ, ಒಬ್ಬಳ ಊನವನ್ನು ನಾಲ್ಕು ಜನರೆದುರು ಎತ್ತಿ ಆಡಬಾರದು ಅಂತ ತನಗೇ ಹೇಳಿಕೊಂಡಳು. ಹೇಳಿಕೊಂಡದ್ದು ಎಷ್ಟು ಚೆನ್ನಾಗಿ ಒಪ್ಪಿತು ಅಂದರೆ ಅವಳಿಗೇ ಭಯವಾಯಿತು. ಮೂರು ತಿಂಗಳ ಹಿಂದೆ ಹರಿಣಿ ಮೇಡಂ ಮನೆಗೆ ಬಂದಾಗಲೂ ಹೀಗೇ ಆಗಿತ್ತು. ಚೆಂಬೂರಿನ ಮಹಿಳಾ ಮಂಡಳದ ಮಾರಾಟದಲ್ಲಿ ಒಂದು ಚೀಲ ಕೊಂಡುಹೋದವರು ವಾರದಲ್ಲಿ ವಿಳಾಸ ಹುಡುಕಿಕೊಂಡು ಚಾಳಿನ ಮರದ ಮೆಟ್ಟಿಲು ಹತ್ತಿ ಬಂದಿದ್ದರು. ಗ್ಯಾಲರಿ ನಡೆಸುವವರು, ಉಡುಪಿ ಕಡೆಯ ಅಪ್ಪ ಅಮ್ಮನಿಗೆ ಇಲ್ಲಿ ಹುಟ್ಟಿದವರು, ತಡವರಿಸುತ್ತ ಕನ್ನಡ ಆಡುವವರು. ಮಂಚದ ತುದಿಯಲ್ಲಿ ಕೂತು, ಚೀಲಗಳನ್ನು ಒಂದೊಂದಾಗಿ ತಿರುಗಿಸಿ, "ಪ್ರತಿ ಬ್ಯಾಗಿನಲ್ಲಿ ಒಂದೇ ಹೂವು. ಒಂದರಲ್ಲಿದ್ದ ಜಾಗ ಇನ್ನೊಂದರಲ್ಲಿ ಇಲ್ಲ. ಎಲ್ಲಿ ಇಡಬೇಕು ಅಂತ ಹೇಗೆ ಗೊತ್ತಾಗ್ತದೆ ನಿಮಗೆ?" ಅಂದರು.

"ಮನಸ್ಸಿಗೆ ಬಂದಲ್ಲಿ ಇಡತೇನ್ರಿ" ಅಂದಿದ್ದಳು ಸುಂದ್ರವ್ವ.

ಆ ಮಾತು ಎಲ್ಲಿಂದ ಬಂತೋ. ಬಾಯಿಂದ ಬಿದ್ದ ಮೇಲೆ ತನ್ನನ್ನು ಹರಿಣಿ ನೋಡಿದ ರೀತಿ ಇತ್ತಲ್ಲ, ಹಾಗೆ ಅವಳನ್ನು ಯಾರೂ ನೋಡಿರಲಿಲ್ಲ. ಐವತ್ತನಾಲ್ಕು ವರ್ಷದಲ್ಲಿ ಗುಳೇದಗುಡ್ಡದಲ್ಲೂ ನೋಡಿರಲಿಲ್ಲ, ಕುರ್ಲಾದಲ್ಲೂ ನೋಡಿರಲಿಲ್ಲ. ಬಣ್ಣವೂ ನೀವೇನಾ ಅಂತ ಕೇಳಿದರು. ಅವಳು ತಲೆ ಆಡಿಸಿದಳು. ಬಾಯಿ ಬಿಟ್ಟು ಹೌದು ಅಂದಿರಲಿಲ್ಲ, ಬರೀ ತಲೆ. ಮೂರು ಬಾಗಿಲು ಆಚೆ ಬಷೀರಾ ಮಗಳನ್ನು ಕೂಗುತ್ತಿದ್ದುದು ಆ ಹೊತ್ತಿಗೆ ಸರಿಯಾಗಿ ಕೇಳಿಸುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ಕೆಸರಾದ ಕೈ ಒಬ್ಬರದು, ಮೊಸರಿನ ಬಾಯಿ ಇನ್ನೊಬ್ಬರದು ಆದರೆ ಆ ಗಾದೆಯನ್ನು ಎಲ್ಲಿಡಬೇಕು. ಆಮೇಲೆ ಒಂದು ದಿನ ಬಷೀರಾಳ ಮಗಳು ಯಾಸ್ಮೀನ ಫೋನಿನಲ್ಲಿ ಗ್ಯಾಲರಿಯ ಗೋಡೆಯ ಫೋಟೋ ತೆರೆದು, ಚೀಲದ ಕೆಳಗೆ ಅಂಟಿಸಿದ್ದ ಕಾರ್ಡನ್ನು ಇಂಗ್ಲಿಷಿನಿಂದ ಓದಿ ಹೇಳಿದಳು. ಬಣ್ಣ ಮತ್ತು ಮುದ್ರಣ, ಸುಂದ್ರವ್ವ. ಓದಿ ಹುಡುಗಿ ಫೋನನ್ನು ತಾಯಿಯ ಕಡೆ ಚಾಚಿದಳು. ಸುಂದ್ರವ್ವನ ಮುಖ ನೋಡಲಿಲ್ಲ, ತಾಯಿಯ ಮುಖವನ್ನೂ ನೋಡಲಿಲ್ಲ. ಬಷೀರಾ ಮಾತ್ರ ಆ ಫೋಟೋದ ಮೇಲೆ ನೀಲಿ ಉಗುರು ಇಟ್ಟು, "ಛಲೋ ಆತು ಬಿಡು, ಚಾಳಿನ ಹೆಸರು ಫೋರ್ಟಿಗೆ ಮುಟ್ಟಿತು" ಅಂದಳು. ಅವತ್ತು ಅವಳು ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಒಂದಾಗಬಹುದಿತ್ತು. ಈಗ ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಗಿತ್ತು, ಉಗುಳುವುದಕ್ಕೂ ಇಲ್ಲ, ನುಂಗುವುದಕ್ಕೂ ಇಲ್ಲ.

ಬೈಕಲಾ ಬಂದಾಗ ಮಾತು ಇನ್ನೂ ಸಣ್ಣದಾಗಿತ್ತು. ನನ್ನ ಒಬ್ಬ ಗೆಳತಿ ಸಹಾಯ ಮಾಡುತ್ತಾಳೆ. ಹೆಸರೂ ಹೋಗಿತ್ತು. ಮಸ್ಜಿದ್ ಸ್ಟೇಷನ್ನಿನಲ್ಲಿ ಗಾಡಿ ಸುಮ್ಮನೆ ನಿಂತುಕೊಂಡಿತು, ಅಷ್ಟರಲ್ಲಿ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

ಹೊತ್ತಿಗೆ ಮೊದಲೇ ಬಂದಿದ್ದರಿಂದ ಗ್ಯಾಲರಿಯ ಗಲ್ಲಿಯ ಮೂಲೆಯ ಉಡುಪಿ ಹೋಟೆಲಿಗೆ ಹೋಗಿ ಕೂತಳು. ಗಲ್ಲಾದಲ್ಲಿ ಸದಾನಂದ ಇದ್ದ. ಹಿಂದಿನ ಸಲ ಚೀಲ ಇಳಿಸಲು ಬಂದಾಗ ಪರಿಚಯವಾದವನು, ಕನ್ನಡ ಕಿವಿಗೆ ಬಿದ್ದರೆ ಎದ್ದು ಬರುವವನು. "ಎಂತ ಅಕ್ಕಾ, ನಿಮ್ಮ ಚೀಲ ನೋಡ್ಲಿಕ್ಕೆ ಕಾರಿನಲ್ಲಿ ಜನ ಬರ್ತಾರಂತೆ. ನಮ್ಮ ಇಡ್ಲಿ ನೋಡ್ಲಿಕ್ಕೆ ಒಬ್ಬನೂ ಬರುದಿಲ್ಲ, ತಿಂದೇ ಹೋಗ್ತಾರೆ" ಅಂದ. ಅವಳಿಗೂ ನಗು ಬಂತು. ಇವನಿಗೆ ಹೇಳಿ ನೋಡೋಣ, ಬಾಯಿಗೆ ರೂಢಿಯಾಗಲಿ ಅನ್ನಿಸಿತು.

"ಬಣ್ಣ ನಾ ಹಾಕಂಗಿಲ್ರಿ ಅಣ್ಣಾ. ಹಾಕಾಕಿ ಬ್ಯಾರೆ ಅದಾಳ" ಅಂದಳು.

ಸದಾನಂದ ಅದನ್ನು ದೊಡ್ಡ ಮಾತು ಅಂದುಕೊಳ್ಳಲೇ ಇಲ್ಲ. "ಅದಕ್ಕೇನಾಯ್ತು? ಇಲ್ಲಿ ಸಾಂಬಾರು ಮಾಡುವವ ಒಳಗೆ ಬೆವರು ಒರೆಸಿಕೊಂಡಿದ್ದಾನೆ, ಬೋರ್ಡಿನಲ್ಲಿ ಹೆಸರು ಧಣಿಗಳದ್ದು. ಅವನು ಎಂತ ಬೇಜಾರು ಮಾಡಿಕೊಂಡಿದ್ದಾನಾ? ಪ್ರಪಂಚವೇ ಹಾಗೆ. ಕಾಫಿ ತಣ್ಣಗಾಗ್ತದೆ, ಕುಡೀರಿ" ಅಂದು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ. ಅವಳು ಕಾಫಿ ಕುಡಿದಳು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು, ಮಾಡುವವನು ಕಾಣುತ್ತಿರಲಿಲ್ಲ. ಬೇಜಾರು ಮಾಡಿಕೊಂಡಿದ್ದಾನಾ ಅಂತ ಯಾರಾದರೂ ಒಳಗೆ ಹೋಗಿ ಕೇಳಿದ್ದಾರೋ ಇಲ್ಲವೋ. ಬಷೀರಾಳನ್ನು ತಾನು ಕೇಳಿಲ್ಲ. ಕೇಳುವುದಿರಲಿ, ಹೋದ ವಾರ ಅವಳೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತ ಕೇಳಿದ್ದಳು, "ನಾನೂ ಬರ್ಲೇನು ಅಕ್ಕಾ? ಹಿಂದ ನಿಂದರತೀನಿ, ಮಾತಾಡಂಗಿಲ್ಲ."

"ಅಲ್ಲಿ ಎಲ್ಲಾ ಇಂಗ್ಲೀಷ್ ಐತೆವಾ. ಎ.ಸಿ. ಬ್ಯಾರೆ. ನಿನಗ ಥಂಡಿ ಆಗತೈತಿ" ಅಂದುಬಿಟ್ಟಿದ್ದಳು ಸುಂದ್ರವ್ವ. ಕಲಬುರ್ಗಿಯ ಬಿಸಿಲಿನಲ್ಲಿ ಬೆಳೆದವಳಿಗೆ, ಹತ್ತು ವರ್ಷದಿಂದ ನೀರಿನಲ್ಲಿ ಕೈ ಇಟ್ಟುಕೊಂಡವಳಿಗೆ ಥಂಡಿಯ ನೆಪ. ಬಷೀರಾ ಹೌದಲಾ ಅಂದು ತನ್ನ ಉಗುರು ನೋಡಿಕೊಂಡಳು. ಆಮೇಲೆ ಹೋಗುವಾಗ ತಿರುಗಿ ಕೇಳಿದಳು, "ಹೂವು ಒತ್ತೋಕಿಂತ ಮೊದಲ ಬರೀ ಚೀಲ ಎಲ್ಲಾರಿಗೂ ತೋರಸ್ತಿಯೇನು?"

"ಹೂಂ. ಅವರ ಮುಂದನ ಒತ್ತಬೇಕಲ್ಲ."

"ಮತ್ತ ಡಾಗು ಕಂಡ್ರ?"

"ಕಂಡ್ರ ಕಾಣ್ಲಿ ಬಿಡು" ಅಂದಿದ್ದಳು, ಸೂಜಿಗೆ ದಾರ ಪೋಣಿಸುತ್ತ, ತಲೆ ಎತ್ತದೆ. ಬಷೀರಾ ಯಾವಾಗ ಹೋದಳೋ ಗೊತ್ತಾಗಲಿಲ್ಲ.

ಗ್ಯಾಲರಿಯ ಕಟ್ಟಡದ ವಾಚ್‌ಮನ್ ಗಂಟು ನೋಡಿ, ಸಾಮಾನು ಹಿಂದಿನ ಬಾಗಿಲಿನಿಂದ ಅಂದ. ಅವಳು ಎದುರಾಡಲಿಲ್ಲ, ಹಿಂದಿನ ಓಣಿಗೆ ಹೋಗಿ, ನೀರಿನ ಕ್ಯಾನುಗಳ ಜೊತೆ ಲಿಫ್ಟಿನಲ್ಲಿ ನಿಂತು ಮೇಲೆ ಬಂದಳು. ಹರಿಣಿಗೆ ಅದು ಹೇಗೋ ಗೊತ್ತಾಗಿ, ಅವಳನ್ನು ಕೈಹಿಡಿದು ಕೆಳಗೆ ಕರೆದುಕೊಂಡು ಹೋಗಿ, ಇವರು ಆರ್ಟಿಸ್ಟ್, ಇವರು ಯಾರು ಅಂತ ತಿಳಿದಿದ್ದೀ ಅಂತ ವಾಚ್‌ಮನ್‌ಗೆ ಬೈದು, ಮುಂದಿನ ಬಾಗಿಲಿನಿಂದ ಮತ್ತೆ ಮೇಲೆ ಕರೆತಂದರು. ಹಿಂದಿನ ಬಾಗಿಲೇ ವಾಸಿಯಾಗಿತ್ತು. ವಾಚ್‌ಮನ್ ಅವಳನ್ನು ನೋಡಿದ ನೋಟದಲ್ಲಿ ನೀನೂ ನಮ್ಮಂಥವಳೇ ಅಲ್ಲವೇ, ಯಾವಾಗ ಆ ಕಡೆಯವಳಾದೆ ಅನ್ನುವುದಿತ್ತು. ಅವಳಿಗೂ ಅದೇ ಪ್ರಶ್ನೆ. ಮೇಲೆ ಗೋಡೆಗಳು ಸುಣ್ಣದ ಬಿಳಿ, ಒಂದೊಂದು ಚೀಲದ ಮೇಲೆ ಒಂದೊಂದು ದೀಪ. ಏನೂ ತುಂಬದ ಚೀಲಗಳು ಮೊಳೆಗೆ ನೇತುಬಿದ್ದಿದ್ದವು. ಮನೆಯಲ್ಲಿ ಖಾಲಿ ಚೀಲ ಮೊಳೆಯ ಮೇಲಿದ್ದರೆ ಸಂತೆ ಆಗಿಲ್ಲ ಅಂತ ಅರ್ಥ, ಇಲ್ಲಿ ಅದನ್ನೇ ಕೈಕಟ್ಟಿ ನಿಂತು ನೋಡುತ್ತಾರೆ. ಅವರಿಗೆ ಹೂವು ಕಾಣುತ್ತಿತ್ತು. ಅವಳಿಗೆ ಹೂವಿನ ಹೊಟ್ಟೆಯಲ್ಲಿ ಹೆಬ್ಬೆರಳು ಕಾಣುತ್ತಿತ್ತು, ಒಂದು ಗೋಡೆಯ ತುಂಬ ಬಷೀರಾ ಹಿಡಿದುಕೊಂಡು ನಿಂತಂತೆ.

ನರೆತ ಕೂದಲಿನ, ಕೈಮಗ್ಗದ ಸೀರೆಯ ಹಿರಿಯರೊಬ್ಬರು ಬಂದು ಅವಳ ಕೈ ಹಿಡಿದುಕೊಂಡರು. ಮೂಲೆಯಲ್ಲಿದ್ದ ಒಂದು ಚೀಲ ತೋರಿಸಿದರು. ಅದರಲ್ಲಿ ಹೂವು ತೀರ ಅಂಚಿಗೆ ಇತ್ತು, ಅರ್ಧ ಎಸಳು ಹೊಲಿಗೆಯಿಂದಾಚೆ ಹೋಗಿತ್ತು. ಈ ಹೂವು ಬೀಳುತ್ತಿದೆ, ಆದರೂ ಹಿಡಿದುಕೊಂಡಿದೆ, ಇದನ್ನು ನೋಡಿ ನನಗೆ ಅಳು ಬಂತು, ಇಲ್ಲಿ ಇಡಬೇಕು ಅಂತ ನಿಮಗೆ ಹೇಗೆ ಹೊಳೆಯಿತು ಅಂತ ಹಿಂದಿಯಲ್ಲಿ ಕೇಳಿದರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಸುಂದ್ರವ್ವನಿಗೆ ಆ ಚೀಲದ ನೆನಪಿತ್ತು. ಅದನ್ನು ಅದ್ದಿದ ದಿನ ಬಷೀರಾಗೆ ಜ್ವರ. ಬೇಡ ಮಲಗು ಅಂದರೂ ಕೇಳದೆ ಪೀಪಾಯಿಯ ಮುಂದೆ ನಿಂತವಳ ಕೈಯಿಂದ ಚೀಲ ಜಾರಿ ಮುಳುಗುತ್ತಿದ್ದಾಗ ಅಂಚು ಸಿಕ್ಕಿತು, ಹಿಡಿದುಬಿಟ್ಟಳು. ಪಾರಾಯಿತು ಅಕ್ಕಾ, ಅಂದು ಅಲ್ಲೇ ಕುಸಿದು ಕೂತಿದ್ದಳು. ಈ ಹಿರಿಯರು ಅತ್ತದ್ದು ಸರಿಯೇ ಇತ್ತು, ಅಳುವಂಥದ್ದೇ ಅಲ್ಲಿತ್ತು. ಆದರೆ ಹಿಡಿದುಕೊಂಡಿರುವುದು ತಪ್ಪು ಕೈಯನ್ನು. ಈಗ ಹೇಳು ಅಂತ ಮನಸ್ಸು ಹೇಳಿತು. ಬಾಯಿ ತೆರೆದಳು. "ಹಾಂ ಜೀ" ಅಂದಳು. ಅಷ್ಟೇ ಬಂತು. ಹಿರಿಯರು ಅವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೋಗಿ ಕೂತರು. ಆ ಕ್ಷಣ ಸುಂದ್ರವ್ವನಿಗೆ ತನ್ನ ಕೈಯನ್ನು ಎಲ್ಲಾದರೂ ಬಿಟ್ಟು ಬರಬೇಕು ಅನ್ನಿಸಿತು.

ಕುರ್ಚಿಗಳು ತುಂಬಿದವು. ಮೇಜಿನ ಮೇಲೆ ಬಿಳಿ ಬಣ್ಣದ ತಟ್ಟೆ, ಪಕ್ಕದಲ್ಲಿ ಅಚ್ಚು. ಹರಿಣಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು, ನಡುನಡುವೆ ಸುಂದ್ರವ್ವ ಅನ್ನುವ ಹೆಸರು ಬರುತ್ತಿತ್ತು, ಬಂದಾಗಲೆಲ್ಲ ಜನ ಅವಳತ್ತ ನೋಡುತ್ತಿದ್ದರು, ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಕೊನೆಗೆ ಹರಿಣಿ ಬಗ್ಗಿ, "ನೀವು ಮೊದಲು ಬ್ಯಾಗನ್ನು ನೋಡ್ತೀರಿ, ಹೂವು ಎಲ್ಲಿಗೆ ಬರಬೇಕು ಅಂತ ಬ್ಯಾಗೇ ನಿಮಗೆ ಹೇಳ್ತದೆ ಅಂತ ಹೇಳಿದ್ದೇನೆ. ಆರಾಮಾಗಿ ಮಾಡಿ, ಗಡಿಬಿಡಿ ಬೇಡ" ಅಂದರು. ಅವಳು ಅಚ್ಚನ್ನು ಬಣ್ಣಕ್ಕೆ ಮುಟ್ಟಿಸಿ, ನೆನೆಯಲಿ ಅಂತ ಇಟ್ಟು, ಗಂಟಿಗೆ ಕೈ ಹಾಕಿದಳು. ಬಷೀರಾ ಬಿಗಿದ ಗಂಟು ಸುಮ್ಮನೆ ಬಿಚ್ಚುವುದಿಲ್ಲ, ಹಲ್ಲು ಹಚ್ಚಬೇಕು. ಇಷ್ಟು ಜನರೆದುರು ಹಲ್ಲು ಹಚ್ಚಲಾಗದೆ ಉಗುರಿನಿಂದ ಎಳೆದೆಳೆದು ಬಿಚ್ಚಿದಳು. ಮೇಲಿನ ಚೀಲ ತೆಗೆದು ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿದಳು. ಇಷ್ಟು ಒಳ್ಳೆಯ ನೀಲಿಯನ್ನು ಬಷೀರಾ ಯಾವತ್ತೂ ಹಾಕಿರಲಿಲ್ಲ. ಕಣ್ಣು ರೂಢಿಯಂತೆ ಬಿಳಿಯನ್ನು ಹುಡುಕಿತು. ಕಾಣಲಿಲ್ಲ. ದೀಪದ ಬೆಳಕಿಗೆ ಹೀಗಾಗಿರಬೇಕು ಅಂತ ಬಗ್ಗಿ ನೋಡಿದಳು. ಹಿಂದೆ ತಿರುಗಿಸಿದಳು. ಅಲ್ಲೂ ಇಲ್ಲ.

ಎರಡನೆಯದನ್ನು ತೆಗೆದಳು, ಮೂರನೆಯದನ್ನು ತೆಗೆದಳು. ಕುರ್ಚಿಗಳಲ್ಲಿ ಒಂದು ಗುಜುಗುಜು ಎದ್ದಿತು. ಹತ್ತೂ ಚೀಲ ಹರಡಿ, ತಿರುಗಿಸಿ, ಒಳಮೈಗೂ ಕೈ ಹಾಕಿ ನೋಡಿದಳು. ಒಂದರ ಹಿಡಿಕೆಯ ಹೊಲಿಗೆಯಲ್ಲಿ ಗೇಣುದ್ದ ದಾರ ಉಳಿದಿತ್ತು, ಕತ್ತರಿಸುವುದಕ್ಕೆ ಮರೆತದ್ದು, ನೀಲಿ ಹಿಡಿದದ್ದು. ಆಗ ಅವಳಿಗೆ ಎಲ್ಲ ತಿಳಿಯಿತು. ಬಷೀರಾ ಈ ಸಲ ಕೈಯಲ್ಲಿ ಹಿಡಿಯದೆ, ದಾರ ಕಟ್ಟಿ ಕೋಲಿಗೆ ತೂಗುಹಾಕಿ ಅದ್ದಿದ್ದಾಳೆ. ಒಂದು ತುದಿ ತಾನು, ಇನ್ನೊಂದು ತುದಿ ಯಾಸ್ಮೀನ. ಹಾಗೆ ಅದ್ದಿದರೆ ಬಣ್ಣ ಒಂದೇ ಸಮ ಹತ್ತಬೇಕಾದರೆ ಕೋಲನ್ನು ಒಂದು ನಿಮಿಷವೂ ನಿಲ್ಲಿಸುವಂತಿಲ್ಲ, ಒಂದೊಂದು ಚೀಲಕ್ಕೆ ಮೂರು ಸಲ, ರಟ್ಟೆ ಬಿದ್ದುಹೋಗುತ್ತದೆ. ಅಕ್ಕ ಬರೀ ಚೀಲವನ್ನು ದೊಡ್ಡವರ ಮುಂದೆ ಹಿಡಿಯುತ್ತಾಳೆ, ನನ್ನ ಡಾಗು ಕಂಡರೆ ಅಕ್ಕನಿಗೆ ನಾಚಿಕೆ ಅಂತ. ಕಂಡರೆ ಕಾಣಲಿ ಬಿಡು ಅಂದ ಮಾತನ್ನು ಅವಳು ಹಾಗೇ ಮನೆಗೆ ಒಯ್ದು ನುಂಗಿದ್ದಾಳೆ. ಬೆಳಗಿನ ನಗು ಇದಕ್ಕೆ. ಸುಂದ್ರವ್ವ ಮೇಜಿನ ಅಂಚು ಹಿಡಿದುಕೊಂಡಳು.

ಜನ ಕಾಯುತ್ತಿದ್ದರು. ಒಬ್ಬಿಬ್ಬರು ಫೋನ್ ಎತ್ತಿ ಹಿಡಿದಿದ್ದರು. ಅವಳು ಹುಡುಕಿದ್ದನ್ನು ಅವರು ಧ್ಯಾನ ಅಂದುಕೊಂಡಿದ್ದರು, ಅದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಅಚ್ಚನ್ನು ಎತ್ತಿಕೊಂಡಳು, ಅಂಗೈಗೆಲ್ಲ ಬಿಳಿ ಹತ್ತಿತು. ಎಲ್ಲಾದರೂ ಒತ್ತಿಬಿಡು. ನಡುವೆ ಒತ್ತಿದರೂ ಚಪ್ಪಾಳೆ ಹೊಡೆಯುತ್ತಾರೆ, ಮೂಲೆಗೆ ಒತ್ತಿದರೂ ಹೊಡೆಯುತ್ತಾರೆ, ಯಾರಿಗೆ ಏನು ಗೊತ್ತು. ಮುಂದೆಯೂ ಹೀಗೇ ಒತ್ತಬಹುದು, ಇನ್ನು ಯಾರ ಬೆರಳೂ ಬೇಕಿಲ್ಲ, ಬಷೀರಾ ತಾನಾಗಿಯೇ ದಾರಿ ಬಿಟ್ಟುಕೊಟ್ಟಿದ್ದಾಳೆ. ಅಚ್ಚನ್ನು ಚೀಲದ ನಡುವಿಗೆ ತಂದಳು, ಅಲ್ಲಿ ಬೇಡ ಅನ್ನಿಸಿತು. ಎಡಕ್ಕೆ ತಂದಳು, ಅಲ್ಲೂ ಬೇಡ. ಎಲ್ಲ ಕಡೆಯೂ ಒಂದೇ ನೀಲಿ, ಎಲ್ಲಿಯೂ ‘ಇಲ್ಲಿ’ ಅನ್ನುವುದು ಇರಲಿಲ್ಲ. ಮನಸ್ಸಿಗೆ ಬಂದಲ್ಲಿ ಅಂದಿದ್ದಳಲ್ಲ, ಮನಸ್ಸಿಗೆ ಏನೂ ಬರಲಿಲ್ಲ. ಹತ್ತು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ ಅನ್ನುವುದು ಈಗ ನಿಚ್ಚಳವಾಯಿತು. ಅಚ್ಚಿನಿಂದ ಬಣ್ಣದ ಒಂದು ಹನಿ ಮೇಜಿನ ಮೇಲೆ ಬಿತ್ತು. ಮುಂದಿನ ಸಾಲಿನ ಆ ಹಿರಿಯರು ನೋಡುತ್ತಿದ್ದರು.

"ಮೇಡಂ" ಅಂದಳು ಸುಂದ್ರವ್ವ, "ನನ್ನ ಫೋನ್ ಹಚ್ಚಿ ಕೊಡ್ರಿ. ಕೈಗೆ ಬಣ್ಣ ಹತ್ತೈತಿ."

"ಈಗಲಾ?" ಹರಿಣಿಯ ಮುಖದಲ್ಲಿ ನಗು ಅರ್ಧಕ್ಕೆ ನಿಂತಿತು. "ಪ್ರೋಗ್ರಾಂ ಮುಗೀಲಿ ಆಂಟಿ, ಆಮೇಲೆ ಮಾಡುವಾ." ಆರ್ಟಿಸ್ಟ್ ಹೋಗಿ ಆಂಟಿ ಆಗಿದ್ದಳು.

"ಈಗ್ಲೇ ಬೇಕ್ರಿ. ಮೊದಲನೇ ನಂಬರ ಆಕೀದ."

ಹರಿಣಿ ಅವಳ ಕೈಚೀಲದಿಂದ ಫೋನ್ ತೆಗೆದು, ಪರದೆಯ ಮೇಲಿನ ಹೆಸರನ್ನು ಓದಿದರು. "ಬಷೀರಾ ನೀಲಿ?"

"ಹೂಂ, ಆಕೀನ. ಎಲ್ಲಾರಿಗೂ ಕೇಳೂ ಹಂಗ ಹಚ್ರಿ."

ಗಂಟೆ ಹೊಡೆಯತೊಡಗಿತು. ಸುಂದ್ರವ್ವ ಜನರ ಕಡೆ ತಿರುಗಿದಳು. ಸಾಯನ್ನಿನಲ್ಲಿ ಪೂರ್ತಿಯಾಗಿದ್ದ ಮಾತು ಬರಲಿಲ್ಲ, ಬಂದದ್ದು ಇಷ್ಟೇ. ಈ ನೀಲಿ ಇವಳದು, ಹೂವು ಎಲ್ಲಿ ಅಂತ ಹೇಳುವವಳೂ ಇವಳೇ, ನನಗೆ ಗೊತ್ತಿಲ್ಲ. ಹಿಂದಿ ತಪ್ಪೋ ಸರಿಯೋ, ಹೇಳಿದಳು. ಹರಿಣಿ ಫೋನನ್ನು ಚಾಚಿ ಹಿಡಿದೇ ಇದ್ದರು, ಅವರ ಕಣ್ಣು ಗೋಡೆಯ ಮೇಲಿನ ಕಾರ್ಡುಗಳ ಕಡೆ ಹೋಗಿ ಬಂತು. ಆ ಕಡೆ ಫೋನ್ ಎತ್ತಿದ ಸದ್ದು, ಹಿಂದೆಯೇ ಚಾಳಿನ ನಲ್ಲಿ ಸುರಿಯುವ ಸದ್ದು.

"ಬಷೀರಾ" ಅಂದಳು ಸುಂದ್ರವ್ವ, "ಹೂವು ಎಲ್ಲಿ ಒತ್ತಲಿ?"

"ಕ್ಯಾ ಅಕ್ಕಾ, ಗಂಟು ಬಿಚ್ಚಿಲ್ಲೇನು ಇನ್ನಾ?"

"ಬಿಚ್ಚೇನಿ."

ನಲ್ಲಿ ನಿಂತಿತು. "ಎಲ್ಯಾರ ಡಾಗು ಉಳದದೇನು?" ಬಷೀರಾಳ ದನಿಯಲ್ಲಿ ಗಾಬರಿಯಿತ್ತು. "ಖರೆ ಹೇಳು. ಯಾಸ್ಮೀನ ಎರಡ ಎರಡ ಸಲ ನೋಡ್ಯಾಳ."

"ಇಲ್ಲವಾ. ಒಂದೂ ಇಲ್ಲ."

ಬಷೀರಾ ನಿರಾಳವಾಗಿ ನಕ್ಕಳು, ಬೆಳಗಿನದೇ ನಗು, ಬಿಳಿಯ ಗೋಡೆಗಳ ನಡುವೆ ಎಲ್ಲರಿಗೂ ಕೇಳಿಸಿತು. "ಹಂಗಾರ ನಿನಗ ಎಲ್ಲಿ ಬೇಕೋ ಅಲ್ಲಿ ಒತ್ತು ಅಕ್ಕಾ" ಅಂದಳು, "ಈ ಸಲ ನಾ ಎಲ್ಲೂ ಮುಟ್ಟಿಲ್ಲ."